ಬ್ರೌಸರಿನ ಹಾಳೆಯೂ ಒಂದು ಕರಿ ಗೆರೆಯೂ

ನಾನು ಬ್ರೌಸರಿನ ಒಳಗಿರುವ ಒಂದು ಹಾಳೆ. ಕಾಗದದ ಹಾಳೆ ಎಂದುಕೊಂಡು ಮುಟ್ಟಲು ಬರಬೇಡಿ, ಸಿಗುವುದಿಲ್ಲ. ಅಂತರ್ಜಾಲದ ಪುಟ ಕಟ್ಟಿದವರು ಅದರ ರೂಪದ ಬಗ್ಗೆ ಏನೂ ಹೇಳದೆ ಬಿಟ್ಟಾಗ ಏನು ಮಾಡಬೇಕು ಎಂಬುದನ್ನು ನನ್ನಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದಾರೆ. ತಲೆಬರಹವೆಂದರೆ ದಪ್ಪ ಅಕ್ಷರ. ಲಿಂಕ್ ಎಂದರೆ ನೀಲಿ ಬಣ್ಣ, ಅಡಿಗೊಂದು ಗೆರೆ. ಪಟ್ಟಿಯಾದರೆ ಪ್ರತಿ ಸಾಲಿನ ಮುಂದೆ ಒಂದು ಚುಕ್ಕೆ. ಪುಟದ ಸುತ್ತ ಎಂಟು ಪಿಕ್ಸೆಲ್ ಜಾಗ, ಅಂದರೆ ಒಂದು ಸಾಸಿವೆ ಕಾಳು ಕೂರುವಷ್ಟು. ಕರೆಯದೆ ಬಂದು ಊಟಕ್ಕೆ ಎಲೆ ಹಾಕುವ ನೆಂಟರ ಹಾಗೆ ನಾನು ಇಷ್ಟೆಲ್ಲ ಮಾಡುತ್ತೇನೆ. ಯಾರೂ ಭೇಷ್ ಅನ್ನುವುದಿಲ್ಲ.

ನನಗೆ ಒಬ್ಬರೇ ತಂದೆತಾಯಿ ಇಲ್ಲ. ಹಲವರು ಹಲವು ವರ್ಷ ಕೂತು, ವಾದ ಮಾಡಿ, ಒಂದೊಂದೇ ಸಾಲು ಸೇರಿಸಿ ನನ್ನನ್ನು ಬೆಳೆಸಿದರು. ಬೇರೆ ಬೇರೆ ಬ್ರೌಸರುಗಳಲ್ಲಿ ನನ್ನ ಅಕ್ಕತಂಗಿಯರಿದ್ದಾರೆ. ನಮ್ಮೆಲ್ಲರ ಮುಖ ಹೆಚ್ಚುಕಡಿಮೆ ಒಂದೇ, ಬುದ್ಧಿ ಮಾತ್ರ ತುಸು ಬೇರೆ. ಪುಟದಲ್ಲಿ ಒತ್ತುವ ಗುಂಡಿಗೆ ಇಷ್ಟು ಜಾಗ ಸಾಕು ಎಂದು ನಾನೆಂದರೆ ಅಕ್ಕ ಇನ್ನೊಂಚೂರು ಇರಲಿ ಅನ್ನುತ್ತಾಳೆ. ಇದರಿಂದ ಪುಟ ಕಟ್ಟುವವರ ತಲೆ ಎಷ್ಟು ಕೆಟ್ಟಿದೆಯೋ ಲೆಕ್ಕವಿಲ್ಲ.

ನಮ್ಮ ಮನೆಯ ಕಟ್ಟಳೆ ಒಂದೇ. ಪುಟ ಕಟ್ಟಿದವರು ಒಂದು ಮಾತು ಹೇಳಿದರೆ ನಾನು ಬಾಯಿ ಮುಚ್ಚಬೇಕು. ನೀಲಿ ಬೇಡ, ಹಸಿರು ಮಾಡು ಎಂದರೆ ಹಸಿರು. ಚುಕ್ಕೆ ಬೇಡ ಎಂದರೆ ಚುಕ್ಕೆ ಇಲ್ಲ. ಇದರಿಂದ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಸಾಲುಗಳಲ್ಲಿ ನನಗೆ ಹೆಚ್ಚು ಹೆಮ್ಮೆಯದು ಬಹಳ ಜನ ಗಮನಿಸದ ಒಂದು ಸಾಲು. ಕೀಲಿಮಣೆಯ ಎಡಗಡೆ ಟ್ಯಾಬ್ ಎಂಬ ಕೀಲಿ ಇದೆಯಲ್ಲ, ಅದನ್ನು ಒತ್ತುತ್ತ ಹೋದರೆ ಪುಟದಲ್ಲಿ ಒಂದು ಲಿಂಕಿನಿಂದ ಇನ್ನೊಂದಕ್ಕೆ, ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಬಹುದು. ಆಗ ನೀವು ಎಲ್ಲಿ ನಿಂತಿದ್ದೀರಿ ಎಂದು ತಿಳಿಯಬೇಕಲ್ಲ? ಅದಕ್ಕೆ ನಾನು ಆ ಗುಂಡಿಯ ಸುತ್ತ ಒಂದು ಕರಿ ಗೆರೆ ಎಳೆಯುತ್ತೇನೆ. ಹಿಂದಿನ ದಿನಗಳಲ್ಲಿ ಮೌಸಿನಿಂದ ಒತ್ತಿದರೂ ಎಳೆಯುತ್ತಿದ್ದೆ. ನನ್ನ ಬದುಕಿನ ದೊಡ್ಡ ದುಃಖವೂ ದೊಡ್ಡ ಸುಖವೂ ಈ ಗೆರೆಯಿಂದಲೇ ಬಂದವು.

ನಾನು ಏಕಕಾಲಕ್ಕೆ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತೇನೆ. ಹಾಗಾಗಿ ಬಹಳ ಕೈಗಳನ್ನು ಕಂಡಿದ್ದೇನೆ. ಗದಗಿನ ಬಸ್ ನಿಲ್ದಾಣದ ಎದುರು ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕೆಲವು ವರ್ಷ ಇದ್ದೆ. ಆಗಿನ ಪುಟಗಳು ಬಡವು, ಮೈಮೇಲೆ ನಾನು ಕೊಟ್ಟ ಬಟ್ಟೆ ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಪರೀಕ್ಷೆಯ ಫಲಿತಾಂಶ ನೋಡಲು ಬಂದವರು ನನ್ನ ನೀಲಿ ಲಿಂಕನ್ನು ದೇವರನ್ನು ನೆನೆದು ಒತ್ತುತ್ತಿದ್ದರು. ಅದು ನನ್ನ ಯೌವನ. ಅಂಗಡಿ ಮುಚ್ಚಿದ ಮೇಲೆ ಅದೇ ಊರಿನ ಬೆಟಗೇರಿ ಭಾಗದ ಕರಮುಡಿ ಪ್ರೆಸ್ಸಿನ ಹೊಸ ಕಂಪ್ಯೂಟರಿನಲ್ಲಿ ನನ್ನ ಕಥೆ ಮುಂದುವರಿಯಿತು.

ಕರಮುಡಿ ಪ್ರೆಸ್ಸಿನ ಯಜಮಾನರು ವೀರಭದ್ರಪ್ಪ. ನಲವತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದ ಮನುಷ್ಯ. ಕಾಗದ ಮುಟ್ಟಿದ ಕೂಡಲೇ ಅದರ ತೂಕ ಹೇಳುತ್ತಿದ್ದರು. ಕಂಪ್ಯೂಟರನ್ನು ಮಾತ್ರ ದೂರದಿಂದ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಅದರ ಮುಂದೆ ಕೂರುತ್ತಿದ್ದವಳು ಸುವರ್ಣಾ ಹೊಂಬಳ. ಹತ್ತು ವರ್ಷದಿಂದ ಅಲ್ಲಿ ಅಕ್ಷರ ಜೋಡಿಸುತ್ತಿದ್ದಳು. ಲಗ್ನಪತ್ರಿಕೆಗಳು ಕಡಿಮೆಯಾಗತೊಡಗಿದಾಗ ಅಂತರ್ಜಾಲದ ಪುಟ ಕಟ್ಟುವುದನ್ನು ತಾನೇ ಓದಿ ಕಲಿತಳು.

ಅವಳ ಮೊದಲ ಪುಟ ನನಗಿನ್ನೂ ನೆನಪಿದೆ. ಮೇಲ್ತುದಿಗೆ ಅಂಟಿಕೊಂಡಂತೆ ಒಂದು ಕೇಸರಿ ಪಟ್ಟಿ ಹಾಕಿದಳು. ನಾನು ನನ್ನ ಪಾಡಿಗೆ ಸುತ್ತ ಜಾಗ ಬಿಟ್ಟೆ. ಪಟ್ಟಿಯ ಮೇಲೆ ಬಿಳಿ ಸಂದು ಕಂಡಿತು. ಅವಳು ಎರಡು ದಿನ ತನ್ನದೇ ತಪ್ಪೆಂದು ಬರೆದದ್ದನ್ನೆಲ್ಲ ತಿರುವಿ ಹಾಕಿದಳು. “ಕಾಕಾರ, ಈ ಬಿಳೇ ಜಾಗ ನಾ ಬಿಟ್ಟಿಲ್ರಿ, ದೇವರಾಣೆ!” ಎಂದು ಯಜಮಾನರ ಮುಂದೆ ಅಳುವಷ್ಟಾದಳು.

ಮೂರನೆಯ ದಿನ ಬ್ರೌಸರಿನ ಒಳಗನ್ನು ತೆರೆದು ನೋಡುವ ಕಿಟಕಿ ಅವಳಿಗೆ ಸಿಕ್ಕಿತು. ಯಾವ ರೂಪ ಯಾರ ಮಾತಿನಿಂದ ಬಂತು ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿ ಬ್ರೌಸರಿನ ಹಾಳೆ ಎಂಬ ನನ್ನ ಹೆಸರು ಓದಿ, “ಓ, ಇದು ನಿಂದಾ ಕಾರಭಾರ?” ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಆದರೂ ಒಬ್ಬರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ನನಗೆ ಬಹಳ ಖುಷಿಯಾಯಿತು.

ಖುಷಿ ಬಹಳ ದಿನ ಉಳಿಯಲಿಲ್ಲ. ಎಲ್ಲ ಬ್ರೌಸರುಗಳಲ್ಲೂ ಪುಟ ಒಂದೇ ಥರ ಕಾಣಬೇಕೆಂದು ಅವಳು ನಮ್ಮನ್ನೆಲ್ಲ ಒಂದೇ ಏಟಿಗೆ ಒರೆಸಿ ಹಾಕುವ ವಿದ್ಯೆ ಕಲಿತಳು. ಪುಟದ ಮೊದಲಲ್ಲೇ ಎಲ್ಲರಿಗೂ ಎಂಬ ಅರ್ಥದ ಒಂದು ನಕ್ಷತ್ರದ ಗುರುತು ಹಾಕಿ, ಯಾರಿಗೂ ಅಂಚು ಬೇಡ, ಯಾರಿಗೂ ಒಳಜಾಗ ಬೇಡ ಎಂದು ಬರೆದುಬಿಟ್ಟಳು. ಇದು ಪುಟ ಕಟ್ಟುವವರ ವೃತ್ತಿಯಲ್ಲಿ ತಪ್ಪೇನಲ್ಲ. ಒರೆಸಿದ ಮೇಲೆ ತಾನೇ ಕೂತು ಒಂದೊಂದನ್ನೂ ಅಚ್ಚುಕಟ್ಟಾಗಿ ತಿರುಗಿ ಕಟ್ಟಿದಳು. ಅವಳ ತಲೆಬರಹಗಳು ನನ್ನವಕ್ಕಿಂತ ಚೆಲುವಾಗಿದ್ದವು ಎಂದು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ. ಕರಿ ಗೆರೆಯನ್ನು ಅವಳು ಆಗ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಧಾರವಾಡದ ಒಂದು ಪ್ರಕಾಶನ ಸಂಘದ ಪುಟ ಕಟ್ಟುವ ಕೆಲಸ ಪ್ರೆಸ್ಸಿಗೆ ಬಂತು. ಸಂಘಕ್ಕೆ ಮನೆಯಿಂದಲೇ ಪುಸ್ತಕದ ಕರಡು ತಿದ್ದುವ ಒಬ್ಬರು ಬೇಕಾಗಿದ್ದರು. ಅರ್ಜಿಯ ಜೊತೆಗೆ ತಪ್ಪು ತುಂಬಿದ ಎರಡು ಪುಟದ ಬರಹವನ್ನು ತಿದ್ದಿ ಅಲ್ಲೇ ಬರೆದು ಕಳಿಸಬೇಕು. ಕೆಳಗೆ ಎರಡು ಗುಂಡಿ, ಮೊದಲನೆಯದು ‘ಎಲ್ಲ ಅಳಿಸಿ’, ಎರಡನೆಯದು ‘ಕಳಿಸಿ’. ಕೊನೆಯ ತಾರೀಖಿನ ಸಂಜೆ ಐದಕ್ಕೆ ಪುಟ ತಾನಾಗಿ ಮುಚ್ಚುತ್ತದೆ.

ಅಚ್ಚಿಗೆ ಹೋಗುವ ಮುಂಚೆ ಎಲ್ಲವನ್ನೂ ಯಜಮಾನರು ನೋಡಿ ಒಪ್ಪಬೇಕು ಎಂಬುದು ಆ ಪ್ರೆಸ್ಸಿನ ರೂಢಿ. ವೀರಭದ್ರಪ್ಪ ಕನ್ನಡಕ ಏರಿಸಿ, ಸುವರ್ಣಾ ತೋರಿಸಿದಂತೆ ಮೌಸ್ ಹಿಡಿದು ‘ಕಳಿಸಿ’ ಒತ್ತಿದರು. ನಾನು ಶ್ರದ್ಧೆಯಿಂದ ಗುಂಡಿಯ ಸುತ್ತ ಕರಿ ಗೆರೆ ಎಳೆದೆ.

“ಅಯ್ಯ ಶಿವನ!” ಎಂದು ಅವರು ಕೈ ಹಿಂದಕ್ಕೆ ಎಳೆದುಕೊಂಡರು. “ಏನ್ ಸುವರ್ಣಾ ಇದು? ಕರೀ ಚೌಕಟ್ಟ ಹಾಕೀಯಲ್ಲ! ಇದು ನೌಕರಿಗೆ ಕರಿಯೋ ಪುಟಾನೋ, ಸತ್ತವರ ಕಾರ್ಡೋ?”

ನಿಮಗೆ ಗೊತ್ತಿರಬಹುದು, ಕರಿ ಅಂಚಿನ ಕಾರ್ಡು ಬಂತೆಂದರೆ ಜನ ತೆರೆಯುವ ಮೊದಲೇ ಎದೆ ಹಿಡಿದುಕೊಳ್ಳುತ್ತಾರೆ. ಕರಮುಡಿ ಪ್ರೆಸ್ಸಿನಲ್ಲಿ ಆ ಕಾರ್ಡುಗಳಿಗೆ ಬೇರೆಯೇ ಕಪಾಟು ಇತ್ತು. ಲಗ್ನಪತ್ರಿಕೆ ಇಟ್ಟ ಮೇಜಿನ ಮೇಲೆ ಅವು ಬರುವಂತಿಲ್ಲ. ಲಗ್ನಪತ್ರಿಕೆಯ ಮೊದಲ ಪ್ರತಿಯ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿಯೇ ವೀರಭದ್ರಪ್ಪ ಹೊರಗೆ ಬಿಡುತ್ತಿದ್ದರು.

“ಅದು ಬ್ರೌಸರ್ ತಾನ ಹಾಕತೈತ್ರಿ, ಕಾಕಾರ” ಎಂದಳು ಸುವರ್ಣಾ.

“ತಾನ ಹಾಕಿದ್ರ ತಾನ ತಗೀಲಿ. ಇಲ್ಲಂದ್ರ ನೀ ತಗಿ. ನಮ್ಮ ಪ್ರೆಸ್ಸಿನ ಹೆಸರಿರೋ ಪುಟದಾಗ ಅದು ಬ್ಯಾಡ.”

ಅವಳಿಗೂ ಆ ಗೆರೆ ಚೆಂದ ಕಂಡಿರಲಿಲ್ಲ. ‘ಔಟ್‌ಲೈನ್: ನನ್’ ಎಂದು, ಅಂದರೆ ಸುತ್ತ ಗೆರೆ ಬೇಡ ಎಂದು, ಒಂದು ಸಾಲು ಬರೆದಳು. ಅಷ್ಟಕ್ಕೇ ನನ್ನ ಗೆರೆ ಮಾಯವಾಯಿತು. ಅದು ಇದ್ದದ್ದು ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಉಳಿದದ್ದನ್ನೆಲ್ಲ ಒರೆಸಿದಾಗ ಬದಲಿಗೆ ಬೇರೆ ಕಟ್ಟಿದ್ದಳು. ಇದಕ್ಕೆ ಏನನ್ನೂ ಕಟ್ಟಲಿಲ್ಲ. ನನಗೆ ಸಿಟ್ಟು ಬಂತು, ಆದರೆ ನನ್ನ ಸಿಟ್ಟು ಯಾರಿಗೆ ಕೇಳುತ್ತದೆ?

ಆ ಪುಟವನ್ನು ಮಾಬೂಬಿ ನದಾಫ್ ತೆರೆದದ್ದು ಕೊನೆಯ ತಾರೀಖಿನ ಹಿಂದಿನ ದಿನ. ಲಕ್ಷ್ಮೇಶ್ವರದ ಒಂದು ಚಿಕ್ಕ ಮನೆ, ಕಿಟಕಿಯ ಪಕ್ಕ ಒಂದು ಹಳೆಯ ಕಂಪ್ಯೂಟರು. ಅಲ್ಲೂ ನಾನಿದ್ದೆ. ಮಾಬೂಬಿ ಹನ್ನೆರಡು ವರ್ಷ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದಿದ್ದವರು. ಆಮೇಲೆ ಎರಡೂ ಕೈ ನಡುಗತೊಡಗಿದವು. ಅವರು ಹಾಕಿದ ತಿದ್ದುಪಡಿಯ ಗುರುತು ಅಚ್ಚು ಜೋಡಿಸುವವರಿಗೆ ತಿಳಿಯದಂತಾಗಿ ಕೆಲಸ ಹೋಯಿತು. ಕಣ್ಣು ಮಾತ್ರ ಹದ್ದಿನ ಕಣ್ಣು, ತಪ್ಪೊಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಾದರೆ ಒಂದು ಬೆರಳಿನಿಂದ ನಿಧಾನಕ್ಕೆ ಒತ್ತಬಹುದು. ಮೂರು ವರ್ಷಗಳ ನಂತರ ಅವರಿಗೆ ಒಪ್ಪುವ ಕೆಲಸವೊಂದು ಕಣ್ಣೆದುರು ಬಂದಿತ್ತು.

ಮೌಸ್ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಬಾಣ ಪರದೆಯ ತುಂಬ ಓಡಾಡುತ್ತಿತ್ತು. ಹಾಗಾಗಿ ಎಲ್ಲವನ್ನೂ ಟ್ಯಾಬ್ ಒತ್ತಿಯೇ ಮಾಡುತ್ತಿದ್ದರು. ಬೇರೆ ಪುಟಗಳಲ್ಲಿ ನನ್ನ ಗೆರೆಯ ಹಿಂದೆ ನಂಬಿಕೆಯಿಂದ ಬರುತ್ತಿದ್ದರು. ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಎರಡೂ ಪುಟ ತಿದ್ದಿ ಬರೆದರು. ಇನ್ನು ಗುಂಡಿ ಒತ್ತುವುದಷ್ಟೇ ಬಾಕಿ. ಟ್ಯಾಬ್ ಒತ್ತಿದರು. ಬರೆಯುವ ಚೌಕದಿಂದ ಹೊರಗೆ ಬಂದದ್ದು ತಿಳಿಯಿತು, ಎಲ್ಲಿಗೆ ಬಂದೆವೆಂದು ತಿಳಿಯಲಿಲ್ಲ. ಎಣಿಸೋಣವೆಂದರೆ ಕೈ ನಡುಗಿ ಒಂದು ಒತ್ತು ಎರಡಾಗುತ್ತಿತ್ತು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿ, ಇದೇ ‘ಕಳಿಸಿ’ ಇರಬೇಕೆಂದು ಎಂಟರ್ ಒತ್ತಿದರು.

ಅವರು ನಿಂತಿದ್ದದ್ದು ‘ಎಲ್ಲ ಅಳಿಸಿ’ಯ ಮೇಲೆ. ನನಗದು ಗೊತ್ತಿತ್ತು. ಹೇಳಲು ನನಗೆ ಇದ್ದದ್ದು ಒಂದೇ ಗೆರೆ, ಅದನ್ನೂ ಕಿತ್ತುಕೊಂಡಿದ್ದರು. ಚೌಕಗಳೆಲ್ಲ ಖಾಲಿಯಾದವು. ನನಗೆ ಆ ದಿನದಷ್ಟು ಸಂಕಟ ಎಂದೂ ಆಗಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಪುಟದ ಅಡಿಯಲ್ಲಿದ್ದ ಪ್ರೆಸ್ಸಿನ ನಂಬರಿಗೆ ಫೋನ್ ಮಾಡಿ ತಮ್ಮ ಹೆಸರು ಹೇಳಿದರು. ಸುವರ್ಣಾ ಸ್ಪೀಕರ್ ಹಚ್ಚಿ ಕೆಲಸ ಮಾಡುತ್ತಲೇ ಕೇಳಿದಳು.

“ಮೌಸ್ ತಗೊಂಡ ‘ಕಳಿಸಿ’ ಮ್ಯಾಲೆ ಒತ್ರಿ ಅಕ್ಕಾರ, ಅಷ್ಟ.”

“ಮೌಸ್ ನನ್ನ ಮಾತ ಕೇಳಂಗಿಲ್ಲವಾ ತಂಗಿ, ಕೈ ನಡಗತಾವ. ಟ್ಯಾಬ್ ಒತ್ತಕೋತ ಹೋಗತೀನಿ. ಬ್ಯಾರೆ ಪುಟದಾಗ ಒಂದ ಗೆರಿ ಬಂದ, ನೀ ಇಲ್ಲಿ ಅದೀ ಅಂತ ತೋರಸ್ತೈತಿ. ನಿಮ್ಮ ಪುಟದಾಗ ನಾ ಎಲ್ಲಿ ನಿಂತೀನಿ ಅನ್ನೋದ ತಿಳೀವಲ್ದು. ನಿನ್ನೆ ಬರದದ್ದೆಲ್ಲಾ ಹೋತು. ಮತ್ತ ಬರೀತೀನಿ, ಅದಕ್ಕೇನಿಲ್ಲ. ಕಳಸೂದ ಹ್ಯಾಂಗ?”

ಸುವರ್ಣಾ ಕೈಯಲ್ಲಿದ್ದ ಕೆಲಸ ಬಿಟ್ಟಳು. ಮೌಸಿನ ತಂತಿ ಕಿತ್ತು ಡ್ರಾವರಿನಲ್ಲಿಟ್ಟಳು. ತಾನೇ ಟ್ಯಾಬ್ ಒತ್ತುತ್ತ ಹೊರಟಳು. ತಾನೇ ಕಟ್ಟಿದ ಪುಟದಲ್ಲಿ ಒಂದು ನಿಮಿಷದೊಳಗೆ ದಾರಿ ತಪ್ಪಿದಳು.

“ಅಕ್ಕಾರ, ತಪ್ಪ ನಂದೈತ್ರಿ. ಒಂದ ತಾಸ ಕೊಡ್ರಿ” ಎಂದಳು.

ಮೊದಲು ತನ್ನ ಆ ಸಾಲನ್ನು ಅಳಿಸಿದಳು. ನಾನು ಓಡಿ ಬಂದು ಗೆರೆ ಎಳೆದೆ. ಆದರೆ ಯಜಮಾನರು ಹಿಂದೆಯೇ ನಿಂತಿದ್ದರು.

“ಮತ್ತ ಅದನ್ನ ತಂದೆಲ್ಲ!”

“ಕಾಕಾರ, ನೀವು ಇಲ್ಲಿ ಕುಂದರ್ರಿ” ಎಂದು ಅವಳು ಎದ್ದು ತನ್ನ ಕುರ್ಚಿ ಕೊಟ್ಟಳು. ಹಳೆಯ ಪುಟವನ್ನು, ಗೆರೆ ಇಲ್ಲದ್ದನ್ನು ತೆರೆದಳು. “ಮೌಸ್ ಇಲ್ಲ. ಈ ಒಂದ ಕೀಲಿ ಒತ್ತಿ ‘ಕಳಿಸಿ’ ತನಕ ಹೋಗಿ ತೋರಸ್ರಿ.”

ವೀರಭದ್ರಪ್ಪ ಒತ್ತಿದರು. ಇನ್ನೊಮ್ಮೆ ಒತ್ತಿದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. “ನಾ ಎಲ್ಲಿ ಅದೀನಿ ಈಗ?” ಎಂದು ಕೇಳಿದರು.

“ಆ ಅಕ್ಕಾರೂ ಅದನ್ನ ಕೇಳಾಕತ್ತಾರ್ರೀ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮಾಬೂಬಿಯ ಹೆಸರು ಅವರಿಗೆ ಗೊತ್ತಿತ್ತು, ಕರಡು ತಿದ್ದಿದವರೆಂದು ಆ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುದನ್ನು ಓದಿದ್ದರು. “ಕಣ್ಣ ಚಲೋ ಇದ್ದ ಹೆಣ್ಣಮಗಳು. ನನ್ನ ಶಾಸ್ತ್ರಕ್ಕ ಅಕೀ ಹಾದಿ ಮುಚ್ಚಿದ್ನಲ್ಲ” ಎಂದರು. ಆಮೇಲೆ ಹಠ ಪೂರ್ತಿ ಬಿಡದೆ, “ಗೆರಿ ಇರ್ಲಿ. ಕರೀದು ಬ್ಯಾಡ, ಕುಂಕುಮದ ಬಣ್ಣ ಹಾಕು. ತೆಳ್ಳಗ ಬ್ಯಾಡ, ದಪ್ಪ ಹಾಕು, ದೂರದಿಂದ ಕಾಣಬೇಕು” ಎಂದರು.

ಸುವರ್ಣಾ ಕಡುಗೆಂಪಿನ ದಪ್ಪ ಗೆರೆಯನ್ನು, ಗುಂಡಿಗೆ ಒತ್ತದಂತೆ ಸ್ವಲ್ಪ ಜಾಗ ಬಿಟ್ಟು ಹಾಕಿದಳು. ‘ಎಲ್ಲ ಅಳಿಸಿ’ ಗುಂಡಿಯನ್ನು ಕಿತ್ತೇ ಹಾಕಿದಳು. ಅದು ಯಾರಿಗೂ ಬೇಕಾಗಿರಲಿಲ್ಲ. ಹೀಗೆ ನನ್ನ ಗೆರೆ ಒಂದು ತಾಸೂ ಬಾಳದೆ ಮತ್ತೆ ಹಿಂದೆ ಸರಿಯಿತು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವಳ ಗೆರೆ ನನ್ನದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಮಾಬೂಬಿ ಒಂದೇ ಬೆರಳಿನಿಂದ ಮತ್ತೆ ಎರಡು ಪುಟ ಬರೆದರು. ನಾಲ್ಕು ಗಂಟೆ ಮೂವತ್ತೈದು ನಿಮಿಷಕ್ಕೆ ಮುಗಿಯಿತು. ಟ್ಯಾಬ್ ಒತ್ತಿದರು, ಒತ್ತು ಎರಡಾಗಿ ಗೆರೆ ‘ಕಳಿಸಿ’ಯನ್ನು ದಾಟಿ ಮುಂದಿನ ಲಿಂಕಿಗೆ ಹೋಯಿತು. ಅವರು ನೋಡಿದರು, ನಕ್ಕರು, ಒಂದು ಹೆಜ್ಜೆ ಹಿಂದೆ ಬಂದರು. ಕೆಂಪು ಗೆರೆ ‘ಕಳಿಸಿ’ಯ ಸುತ್ತ ನಿಂತಿತು. ಎಂಟರ್ ಒತ್ತಿದರು. ಅರ್ಜಿ ತಲುಪಿದೆ ಎಂಬ ಸಾಲು ಬಂದಾಗ “ಯಾ ಅಲ್ಲಾ” ಎಂದು ಕುರ್ಚಿಗೆ ಒರಗಿದರು. ಎಂಟು ದಿನದ ನಂತರ ಸಂಘದವರು ಅವರನ್ನು ಕೆಲಸಕ್ಕೆ ತೆಗೆದುಕೊಂಡರು.

ಈಗ ನನಗೆ ವಯಸ್ಸಾಯಿತು. ನನ್ನ ಸಾಲುಗಳು ಬೆರಳೆಣಿಕೆಯ ಪುಟಗಳಲ್ಲಷ್ಟೇ ಪೂರ್ತಿ ನಡೆಯುತ್ತವೆ. ಒರೆಸಿ ಹಾಕುವವರ ಮೇಲೆ ಈಗ ಮುನಿಸಿಲ್ಲ. ನಾನು ಯಾತಕ್ಕಿದ್ದೆ ಎಂದು ಒಮ್ಮೆ ಕೇಳಿ ಒರೆಸಿದರೆ ಸಾಕು. ಸುವರ್ಣಾ ಈಗ ಹಾಗೆಯೇ ಮಾಡುತ್ತಾಳೆ.

ಪೂರ್ತಿ ನನಗೇ ಸಿಕ್ಕಿರುವ ಪುಟ ಒಂದಿದೆ. ಅದನ್ನು ಮಾಬೂಬಿ ತಾವೇ ಕಟ್ಟಿದ್ದಾರೆ. ರೂಪದ ಬಗ್ಗೆ ಒಂದು ಮಾತೂ ಬರೆದಿಲ್ಲ. ಕರಡು ತಿದ್ದುವುದನ್ನು ಕಲಿಯಬೇಕೆನ್ನುವವರು, ಕೈ ಕಾಲು ಕಣ್ಣು ಯಾವುದು ಸಾಲದಿದ್ದರೂ ಸರಿ, ತಮಗೆ ಬರೆಯಬಹುದು ಎಂದು ನಾಲ್ಕು ಸಾಲು ಇದೆ, ಕೆಳಗೆ ಒಂದು ಲಿಂಕ್ ಇದೆ. ಸುವರ್ಣಾ ಫೋನಿನಲ್ಲಿ, “ಬಣ್ಣ ಗಿಣ್ಣ ಹಚ್ಚಿ ಕೊಡ್ಲೇನ್ರಿ ಅಕ್ಕಾರ?” ಎಂದು ಕೇಳಿದಳು.

“ಈಗ ಬ್ಯಾಡ ತಂಗಿ. ಬೇಕಾದ್ದೆಲ್ಲಾ ಕಾಣಾಕತ್ತೈತಿ” ಎಂದರು ಮಾಬೂಬಿ.

ಹೋದ ವಾರ ಮೂವರು ಅವರಿಗೆ ಬರೆದಿದ್ದಾರೆ. ಅವರಲ್ಲಿ ಒಬ್ಬರು ಮೌಸ್ ಮುಟ್ಟದೆಯೇ ಆ ಲಿಂಕಿನವರೆಗೆ ಬಂದರು. ಅಲ್ಲಿಯವರೆಗೂ ನಾನು ಜೊತೆಗಿದ್ದೆ.