ಡ್ರಿಲ್ ಬ್ಯಾಟರಿಯ ಹಾಡು

ದೊಡ್ಡ ಮೇಸ್ತ್ರಿಯ ಕಾಲು ಈಗೀಗ ಹೊಸ್ತಿಲು ಕಂಡರೆ ಸಾಕು, ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು. ಐವತ್ತು ವರ್ಷ ಮರಗೆಲಸ ಮಾಡಿದ ಬಡಗಿಗೆ ನಡುಕದ ಕಾಯಿಲೆ. ಕೈ ನಡುಗುವುದನ್ನು ಹೇಗೋ ಸಹಿಸಿಕೊಂಡಿದ್ದರು. ಆದರೆ ಮನೆಯಿಂದ ಬೀದಿ ಕೊನೆಯ ಶೆಡ್ಡಿಗೆ ಅರವತ್ತೆರಡೇ ಹೆಜ್ಜೆ, ಅಷ್ಟಕ್ಕೂ ಕಾಲು ಮಾತು ಕೇಳುವುದಿಲ್ಲವೆಂದರೆ ಅವರಿಗೆ ಮೈಯೆಲ್ಲ ಉರಿ.

ಹೋದ ತಿಂಗಳು ನಡುಬೀದಿಯಲ್ಲಿ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಮಗಳು ಒಂದು ಗಾಲಿಕುರ್ಚಿ ತಂದು ಬಾಗಿಲ ಹಿಂದೆ ನಿಲ್ಲಿಸಿದಳು. ಹಿರಿಯ ಮಗಳು, ಆ ಮನೆಯಲ್ಲಿ ಯಜಮಾನಿಕೆ ಅವಳದೇ.

“ಇದರಲ್ಲಿ ಕೂರು ಅಪ್ಪ. ನಾನೇ ತಳ್ಕೊಂಡು ಹೋಗಿ ಬಿಡ್ತೀನಿ.”

“ನನ್ನ ಕಾಲಲ್ಲಿ ಶೆಡ್ಡು ಮುಟ್ಟೋಕಾಗದ ದಿನ ಕೂರ್ತೀನಿ. ಆಮೇಲೆ ಏಳು ಅಂದ್ರೂ ಏಳಲ್ಲ” ಅಂದರು ದೊಡ್ಡ ಮೇಸ್ತ್ರಿ.

ಅವರ ಮಾತೆಂದರೆ ಮಾತು. ಅದಕ್ಕೇ ಮಗ ಚಿಕ್ಕ ಮೇಸ್ತ್ರಿಗೆ ದಿಗಿಲು ಹತ್ತಿದ್ದು. ಕೂತ ದಿನವೇ ಅಪ್ಪ ಅರ್ಧ ಮುಗಿದಂತೆ ಎಂದು ಅವನಿಗೆ ಅನ್ನಿಸುತ್ತಿತ್ತು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಒಂದು ಉಪಾಯ ಹೇಳಿದಳು: ತಾಳ ಗಟ್ಟಿಯಾಗಿರುವ ಹಾಡು ಕೇಳಿಸಿದರೆ ಅಂಟಿದ ಕಾಲು ತಾಳ ಹಿಡಿದು ಹೊರಡುತ್ತದೆ. ನಿಜವಾಗಿಯೂ ಹೊರಟಿತು. ಆದರೆ ಗರಗಸದ ಸದ್ದಿನಲ್ಲೇ ಹಣ್ಣಾದ ಆ ಕಿವಿಗೆ ಫೋನಿನ ಹಾಡು ಸೊಳ್ಳೆಯ ಗುಂಯ್. ಮನೆಯಲ್ಲಿ ಹೆಗಲಿಗೆ ಹಾಕುವ ಪಟ್ಟಿಯಿದ್ದ ಹಳೆಯ ಸ್ಪೀಕರ್ ಪೆಟ್ಟಿಗೆಯೊಂದಿತ್ತು. ದನಿ ಭರ್ಜರಿ, ಬ್ಯಾಟರಿ ಮಾತ್ರ ಸತ್ತು ವರ್ಷಗಳಾಗಿದ್ದವು.

ಚಿಕ್ಕ ಮೇಸ್ತ್ರಿ ತನ್ನ ವಯರಿಲ್ಲದ ಡ್ರಿಲ್ಲನ್ನು ತಿರುಗಿಸಿ ನೋಡಿದ. ಅದರ ಬುಡದಲ್ಲಿ ಬ್ಯಾಟರಿ ಜಾರಿಕೊಂಡು ಕೂರುವ ಗಾಡಿ, ಎಂದರೆ ತೋಡು, ಇತ್ತಲ್ಲ, ಅದೇ ಅಳತೆಯ ಗಾಡಿಯನ್ನು ತುಂಡು ಸಾಗುವಾನಿಯಲ್ಲಿ ಕೊರೆದ. ಕರೆಂಟು ಹಾಯಲು ಎರಡು ಹಿತ್ತಾಳೆ ಪಟ್ಟಿ ಕೂರಿಸಿ ಪೆಟ್ಟಿಗೆಯ ಬೆನ್ನಿಗೆ ಬಿಗಿದ. ಬ್ಯಾಟರಿ ಹದಿನೆಂಟು ವೋಲ್ಟಿನದು, ಪೆಟ್ಟಿಗೆಗೆ ಬೇಕಾದದ್ದು ಹನ್ನೆರಡು. ನಡುವೆ ವೋಲ್ಟ್ ಇಳಿಸುವ ಬೆರಳುದ್ದದ ಬೋರ್ಡೊಂದನ್ನು ಸೇರಿಸಿದ. ಬ್ಯಾಟರಿ ಟಕ್ಕೆಂದು ಕೂತಿತು, ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ಹಾಡಿತು.

ಡ್ರಿಲ್ಲೆಂದರೆ ದೊಡ್ಡ ಮೇಸ್ತ್ರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ‘ತೋಳಲ್ಲಿ ಕಸುವಿಲ್ಲದವರ ಆಟಿಕೆ’ ಎಂದು ಹತ್ತು ವರ್ಷದಿಂದ ಹೇಳುತ್ತ ಬಂದವರು. ಅದರ ಬ್ಯಾಟರಿಯನ್ನೇ ಹೆಗಲಿಗೇರಿಸಿ ನಡೆಯುವಾಗ ಮಾತ್ರ ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಯಾರೂ ಜೊತೆಗೆ ಬರಕೂಡದು. ಮಗ ಮುಂಚೆಯೇ ಹೋಗಿ ಶೆಡ್ಡಿನ ಬಾಗಿಲಲ್ಲಿ ಏನೋ ಕೆಲಸವಿದ್ದವನಂತೆ ನಿಂತಿರುತ್ತಿದ್ದ.

ಎರಡನೇ ವಾರದ ಒಂದು ಸಂಜೆ ಹಾಡಿನ ದನಿ ದಪ್ಪಗಾಗತೊಡಗಿತು. “ಹಾಡೋನಿಗೆ ಶೀತ ಆಗಿದೆ” ಎಂದು ದೊಡ್ಡ ಮೇಸ್ತ್ರಿ ನಕ್ಕರು. ಮಗನೂ ನಕ್ಕ. ಬ್ಯಾಟರಿ ತಾನಾಗಿ ನಿಲ್ಲುವವರೆಗೂ ಚಾರ್ಜಿಗೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಡ್ರಿಲ್ಲಿನಲ್ಲಿ ಹಾಗೇ ತಾನೆ? ಶಕ್ತಿ ತಳ ಮುಟ್ಟುವ ಮುಂಚೆ ಡ್ರಿಲ್ಲೇ ನಿಂತುಬಿಡುತ್ತದೆ. ಆ ಕಾವಲು ಇದ್ದದ್ದು ಡ್ರಿಲ್ಲಿನಲ್ಲಿ, ಬ್ಯಾಟರಿಯಲ್ಲಲ್ಲ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ತಾನು ಮಾಡಿದ ಗಾಡಿಗೆ ಅಂಥ ಕಾವಲಿಲ್ಲ, ಅದು ಕೊನೆಯ ಹನಿವರೆಗೂ ಹೀರುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ನಲವತ್ತನೇ ಹೆಜ್ಜೆಯ ಹತ್ತಿರ ಪೆಟ್ಟಿಗೆ ಒಮ್ಮೆ ಗೊಗ್ಗರಿಸಿ ಸುಮ್ಮನಾಯಿತು. ದೊಡ್ಡ ಮೇಸ್ತ್ರಿಯೂ ನಿಂತರು. ಹಿಮ್ಮಡಿ ಮಾತ್ರ ಅದುರುತ್ತಿತ್ತು, ಪಾದ ಏಳಲೊಲ್ಲದು. ಹಿಂದಿನಿಂದ ಮೋಟಾರ್ ಬೈಕೊಂದು ಬಂದು ಹಾರ್ನ್ ಹೊಡೆದು ಬಳಸಿಕೊಂಡು ಹೋಯಿತು. ಮನೆಯ ಬಾಗಿಲಿನಿಂದ ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಹೊರಟೇಬಿಟ್ಟಳು.

ಅಪ್ಪ ತಿರುಗಿ ಕುರ್ಚಿಯನ್ನು ನೋಡಿದರು. ಶೆಡ್ಡಿನ ಬಾಗಿಲಿನಿಂದ ಮಗ ಎರಡು ಹೆಜ್ಜೆ ಮುಂದಿಟ್ಟು ನಿಂತ. ಓಡಿಹೋಗಿ ಕೈ ಹಿಡಿದರೆ ಅಪ್ಪ ಸೋತಂತೆ, ಸುಮ್ಮನಿದ್ದರೂ ಸೋತಂತೆ. ಅವನ ಕೈಯಲ್ಲಿದ್ದದ್ದು ಇನ್ನೊಂದು ಹಳೆಯ ಬ್ಯಾಟರಿ ಹಾಕಿದ್ದ ಡ್ರಿಲ್ಲು. ಏನೂ ತೋಚದೆ ಅದರ ಗುಂಡಿ ಒತ್ತಿದ.

ಗಿರ್ರ್. ಬಿಟ್ಟ. ಗಿರ್ರ್. ಬಿಟ್ಟ.

ಬಲಗಾಲು ಎದ್ದಿತು. ಆಮೇಲೆ ಎಡಗಾಲು.

ಖುಷಿಯಲ್ಲಿ ಮಗನ ಬೆರಳು ಅವಸರ ಮಾಡಿತು. ಅಪ್ಪ ನಡುಬೀದಿಯಿಂದಲೇ ಗದರಿದರು: “ಏಯ್! ಪ್ಲೈವುಡ್ಡಿಗೆ ಸ್ಕ್ರೂ ಹೊಡೀತಿದೀಯೇನೋ? ಗಟ್ಟಿ ಮರ ಕಣೋ ಇದು. ನಿಧಾನ!”

ಮಗ ನಿಧಾನ ಮಾಡಿದ. ಉಳಿದ ಇಪ್ಪತ್ತೆರಡು ಹೆಜ್ಜೆಗೂ ಡ್ರಿಲ್ಲು ಗಾಳಿಯನ್ನೇ ಕೊರೆಯಿತು. ದೊಡ್ಡ ಮೇಸ್ತ್ರಿ ಶೆಡ್ಡಿನ ಹೊಸ್ತಿಲನ್ನೂ ದಾಟಿ ತಮ್ಮ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡರು.

ಏದುಸಿರು ಬಿಡುತ್ತ ಅಕ್ಕ ಬಂದಳು. “ಮಧ್ಯದಲ್ಲಿ ನಿಂತೆ ತಾನೆ? ನಾನು ನೋಡಿದೆ.”

“ನಿಂತೆ. ಮುಟ್ಟಲಿಲ್ವಾ?”

ಅಕ್ಕ ಅಪ್ಪನನ್ನು ನೋಡಿದಳು, ತಮ್ಮನನ್ನು ನೋಡಿದಳು. ತುಟಿ ಕಚ್ಚಿ ನಗು ತಡೆದುಕೊಂಡು, ಅಪ್ಪನ ಹೆಗಲಿನಿಂದ ಪೆಟ್ಟಿಗೆ ತೆಗೆದು ಗಾಲಿಕುರ್ಚಿಯಲ್ಲಿ ಕೂರಿಸಿದಳು. “ಸರಿ, ನಡೆಯೋಕೆ ಆಗದವರನ್ನೇ ಕರ್ಕೊಂಡು ಹೋಗ್ತೀನಿ” ಎಂದು ತಳ್ಳಿಕೊಂಡು ಹೋದಳು.

ಅಕ್ಕ ಹೊರಡುವ ಮುಂಚೆಯೇ ಬಿಚ್ಚಿಟ್ಟುಕೊಂಡಿದ್ದ ಸತ್ತ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಟುಕಿತೇ ಹೊರತು ಚಾರ್ಜಾಗಲಿಲ್ಲ. ತನ್ನ ತಪ್ಪು ಮಗನಿಗೆ ಆಗ ತಿಳಿಯಿತು. ಇದ್ದುದರಲ್ಲಿ ಒಳ್ಳೆಯ ಬ್ಯಾಟರಿ, ತನ್ನ ಕೈಯಾರೆ ಕೊಂದೆನಲ್ಲ ಎಂದು ಪೇಚಾಡಿಕೊಂಡ. ಮಧ್ಯಾಹ್ನ ಪೇಟೆಗೆ ಹೋಗಿ, ವೋಲ್ಟ್ ಇಳಿದರೆ ತಾನಾಗಿ ಕಡಿದುಹಾಕುವ ಪುಟ್ಟ ಸ್ವಿಚ್ಚೊಂದನ್ನು ತಂದ. ಮನೆಗೆ ಹೋಗಿ ಅದನ್ನು ಪೆಟ್ಟಿಗೆಗೆ ಜೋಡಿಸಿದ, ಡ್ರಿಲ್ಲಿನಲ್ಲಿದ್ದ ಹಳೆಯ ಬ್ಯಾಟರಿಗೆ ಚಾರ್ಜ್ ತುಂಬಿಸಿ ಕೂರಿಸಿದ. ಸಂಜೆಯ ಹೊತ್ತಿಗೆ ಪೆಟ್ಟಿಗೆ ಮತ್ತೆ ಶೆಡ್ಡಿನಲ್ಲಿ ಹಾಡುತ್ತಿತ್ತು.

“ಹೊರಡ್ತೀಯಾ ಅಪ್ಪ? ಶೀತ ವಾಸಿಯಾಗಿದೆ.”

ದೊಡ್ಡ ಮೇಸ್ತ್ರಿ ಎದ್ದು ನಿಂತರು. ಹಾಡನ್ನು ಒಂದು ಕ್ಷಣ ಕೇಳಿ, ನಡುಗುವ ಕೈಯಿಂದ ಅದನ್ನು ನಿಲ್ಲಿಸಿದರು.

“ಬ್ಯಾಟರಿ ಬಿಚ್ಚಿ ಡ್ರಿಲ್ಲಿಗೆ ಹಾಕು” ಅಂದರು. “ನೀನು ಜೊತೆಗೆ ಬಾ.”