ಗಲ್ಲಾದಲ್ಲಿ ಕೂರುವ ಕೆಲಸ

ಪ್ರಶಾಂತನಿಗೆ ಕೂರಲು ಬರುತ್ತಿರಲಿಲ್ಲ. ನಗಬೇಡಿ, ನಿಜವಾಗಿಯೂ ಬರುತ್ತಿರಲಿಲ್ಲ. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದ. ಆಂಟಾಪ್ ಹಿಲ್‌ನ ಮನೆಯಲ್ಲಿ ಉಣ್ಣುವಾಗ ನಾಲ್ಕು ತುತ್ತಿಗೊಮ್ಮೆ ಏಳುತ್ತಿದ್ದ. "ಬಡಿಸ್ಲಿಕ್ಕೆ ನಾನಿದ್ದೇನೆ, ನೀವೊಮ್ಮೆ ಕೂತ್ಕೊಳ್ಳಿ ಮಾರಾಯ್ರೆ" ಎಂದು ಹೆಂಡತಿ ನಮಿತಾ ಬೈಯುವುದು ದಿನವೂ ಇದ್ದದ್ದೇ. ಆಫೀಸುಗಳೇ ತುಂಬಿದ ಫೋರ್ಟ್‌ನ ಒಂದೇ ಹೋಟೆಲಿನಲ್ಲಿ ಹದಿನೈದು ವರ್ಷ ವೇಟರ್ ಆಗಿ ಓಡಿದ ಕಾಲುಗಳು ಅವು. ಅಂಥವನನ್ನು ಚಂಪಕ್ಕ ಮ್ಯಾನೇಜರ್ ಮಾಡಿ ಗಲ್ಲಾದಲ್ಲಿ ಕೂರಿಸಿದರು.

ಚಂಪಕ್ಕ ಹೋಟೆಲಿನ ಒಡತಿ. ಗಂಡ ತೀರಿಕೊಂಡ ಮೇಲೆ ಗಲ್ಲಾದ ಕುರ್ಚಿಯಲ್ಲಿ ಅವರೇ ಕೂತು ವ್ಯಾಪಾರ ನಡೆಸಿದವರು. ಈಗ ಎರಡೂ ಮೊಣಕಾಲು ಕೈಕೊಟ್ಟಿದ್ದವು.

"ನನಗೆ ಇನ್ನು ದಿನಾ ವಡಾಲದಿಂದ ಬರ್ಲಿಕ್ಕೆ ಆಗುದಿಲ್ಲ. ಹೋಟ್ಲು ಕಂಡಕ್ಟಿಂಗ್‌ಗೆ ಕೊಡ್ತೇನೆ" ಎಂದಿದ್ದರು. ಎಂದರೆ ಹೋಟೆಲು ಅವರದ್ದೇ, ನಡೆಸುವುದು ಇನ್ನೊಬ್ಬ. ತಿಂಗಳಿಗಿಷ್ಟು ಎಂದು ಅವರಿಗೆ ಕೊಟ್ಟು, ಮಿಕ್ಕ ಲಾಭನಷ್ಟವೆಲ್ಲ ನಡೆಸುವವನದು. "ಒಂದು ತಿಂಗಳು ನೀನು ಗಲ್ಲಾದಲ್ಲಿ ಕೂತು ತೋರ್ಸು. ಆಗ್ತದೆ ಅಂತ ಕಂಡ್ರೆ ನಿನಗೆ. ಇಲ್ಲದಿದ್ರೆ ಹೊರಗಿನ ಪಾರ್ಟಿ ಕಾಯ್ತಾ ಉಂಟು. ಅವರಿಗೆ ಇಡ್ಲಿ ಗಿಡ್ಲಿ ಬೇಡ, ಮೊಬೈಲ್ ಅಂಗಡಿಗೆ ಜಾಗ ಬೇಕು."

ವೇಟರ್ ಆಗಿ ಬಂದವನು ಹೋಟೆಲು ನಡೆಸುವವನಾಗುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ತಪ್ಪಿದರೆ ಅವನೊಬ್ಬನ ಅನ್ನಕ್ಕಲ್ಲ, ಅಡುಗೆಯ ಪೂವಪ್ಪನಿಂದ ಹಿಡಿದು ಟೇಬಲ್ ಒರೆಸುವ ಯಲ್ಲಾಲಿಂಗನವರೆಗೆ ಎಲ್ಲರ ಅನ್ನಕ್ಕೂ ಕಲ್ಲು. ಇದೆಲ್ಲ ಪ್ರಶಾಂತನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಕಾಲುಗಳಿಗೆ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನದ ರಶ್ ಶುರುವಾಯಿತೆಂದರೆ ಅವನಿಗೆ ಚಡಪಡಿಕೆ. "ಪ್ರಶಾಂತ್, ಸಾಂಬಾರ್!" ಎಂದು ಯಾರೋ ಕೂಗಿದರೆ ಸಾಕು, ಎದ್ದೇ ಬಿಡುತ್ತಿದ್ದ. ಸಾಂಬಾರ್ ಬಡಿಸಿ, ಪಕ್ಕದ ಟೇಬಲಿನ ಎಂಜಲು ತಟ್ಟೆ ಎತ್ತಿ, ಹೋಗುತ್ತ ಹೋಗುತ್ತ ಒರೆಸಿಯೂ ಬಿಡುತ್ತಿದ್ದ. ಇತ್ತ ಗಲ್ಲಾದ ಮುಂದೆ ಬಿಲ್ ಹಿಡಿದವರು "ಅರೇ ಶೇಠ್, ಪೈಸಾ ಲೇನಾ ಹೈ ಕಿ ನಹೀ?" ಎಂದು ದುಡ್ಡು ತೆಗೆದುಕೊಳ್ಳುವಂತೆ ಅರಚುತ್ತಿದ್ದರು. ಒಳಗೆ ಪೂವಪ್ಪ ತೆಂಗಿನಕಾಯಿ ಮುಗಿಯಿತೆಂದು ಹಾರಾಡುತ್ತಿದ್ದ. ಕಾಯಿಗೆ ಬೆಳಿಗ್ಗೆಯೇ ಫೋನ್ ಮಾಡಬೇಕಾಗಿದ್ದ ಮ್ಯಾನೇಜರ್ ಸಾಹೇಬರು ಆಗ ಕಾಫಿ ಲೋಟ ತೊಳೆಯುತ್ತಿದ್ದರಂತೆ! ಮೊದಲು ಬಂದು ಕೊನೆಗೆ ಹೋಗುತ್ತಿದ್ದ ಮನುಷ್ಯನಿಗೆ ಯಾವ ಕೆಲಸಕ್ಕೂ ಹೊತ್ತು ಸಾಲುತ್ತಿರಲಿಲ್ಲ.

ರಶ್ ನಡುವೆ ದಿನಾ ಚಂಪಕ್ಕನ ಫೋನ್ ಬರುತ್ತಿತ್ತು. ಕೇಳುವುದು ಒಂದೇ ಪ್ರಶ್ನೆ.

"ಇವತ್ತು ಎಷ್ಟು ಜನ ವಾಪಸ್ ಹೋದ್ರು?"

"ಫುಲ್ ರಶ್ ಅಕ್ಕ, ಒಂದು ಕುರ್ಚಿ ಖಾಲಿ ಇಲ್ಲ."

"ಉಂಡವರನ್ನು ಕೇಳಿದ್ದಲ್ಲ ನಾನು."

"ಯಾರೂ ಹೋಗ್ಲಿಲ್ಲ ಅಕ್ಕ."

ಆ ಕಡೆಯಿಂದ ಫೋನ್ ಕಟ್ಟಾಗುತ್ತಿತ್ತು. ಈ ಹೆಂಗಸಿಗೆ ಯಾವಾಗಲೂ ಎಡವಟ್ಟು ಪ್ರಶ್ನೆಯೇ ಎಂದುಕೊಂಡು ಪ್ರಶಾಂತ ಮತ್ತೆ ಸಾಂಬಾರಿನ ಬಕೆಟ್ ಹಿಡಿಯುತ್ತಿದ್ದ.

ತಿಂಗಳು ಅರ್ಧ ಕಳೆದಿತ್ತು. ಒಂದು ದಿನ ರಶ್ ಇಳಿದ ಮೇಲೆ ಯಲ್ಲಾಲಿಂಗ ಒರೆಸುವ ಬಟ್ಟೆ ಹಿಂಡುತ್ತ ಗಲ್ಲಾದ ಹತ್ತಿರ ಬಂದು ನಿಂತ. ಕಲಬುರಗಿ ಕಡೆಯವನು, ಮಾತು ಕಡಿಮೆ.

"ಅಣ್ಣಾರ, ನನ್ ಕೆಲಸದಾಗ ಏನರ ತಪ್ಪಾಗೇದೇನ್ರಿ?"

"ಇಲ್ಲ ಮಾರಾಯ. ಯಾಕೆ?"

"ಮತ್ತ ಟೇಬಲ್ ನೀವೇ ಒರಸ್ತೀರಲ್ರಿ. ಅಕ್ಕಾರು ನೋಡಿದ್ರ ಈ ಯಲ್ಲಾಲಿಂಗ ಯಾಕ ಬೇಕು ಅಂತಾರ. ನನ್ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಅಣ್ಣಾರ."

ಪ್ರಶಾಂತನಿಗೆ ಕೆನ್ನೆಗೆ ಬಾರಿಸಿದಂತಾಯಿತು. ತಾನು ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಮಾಡುತ್ತಿದ್ದುದು ತನ್ನ ಕಾಲಿನ ತುರಿಕೆ ತೀರಿಸಿಕೊಳ್ಳುವುದು, ಅಷ್ಟೇ. ನಾಚಿಕೆಯಾಯಿತು. ಯಲ್ಲಾಲಿಂಗನಿಗೆ, "ಇನ್ನು ಒರೆಸುದಿಲ್ಲ" ಎಂದ.

ಮರುದಿನ ಮಧ್ಯಾಹ್ನ ಹಟ ಹಿಡಿದು ಕೂತ. ಕಾಲು ಕುಣಿಯುತ್ತಿತ್ತು. ತಾನು ಹಿಂದೆ ನೋಡಿಕೊಳ್ಳುತ್ತಿದ್ದ ಟೇಬಲುಗಳನ್ನು ಈಗ ಐತ ಎಂಬ ವೇಟರ್ ನೋಡಿಕೊಳ್ಳುತ್ತಿದ್ದ. ಅವನು ನಿಧಾನಿ, ದೋಸೆಗೆ ಹೇಳಿ ಚಟ್ನಿ ಮರೆಯುವವನು. ನೋಡಲಾಗದೆ ಪ್ರಶಾಂತ ಮುಖ ಬಾಗಿಲಿನ ಕಡೆ ತಿರುಗಿಸಿದ.

ಆಗ ಕಂಡಿತು. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಮೂವರು ಬ್ಯಾಂಕಿನ ಹುಡುಗಿಯರು ಬಾಗಿಲಿಗೆ ಬಂದರು, ಒಳಗೆ ಇಣುಕಿದರು, ಗಡಿಯಾರ ನೋಡಿ ಎದುರಿನ ಸ್ಯಾಂಡ್‌ವಿಚ್ ಗಾಡಿಗೆ ಹೋದರು. ಅವರ ಹಿಂದೆ ಇಬ್ಬರು. ಆಮೇಲೆ ಇನ್ನಷ್ಟು ಜನ. ಒಬ್ಬರೂ ಬೈಯಲಿಲ್ಲ, ಗಲಾಟೆ ಮಾಡಲಿಲ್ಲ, ಸುಮ್ಮನೆ ಹೋದರು. ಹದಿನೈದು ವರ್ಷ ಇದೇ ಹೋಟೆಲಿನಲ್ಲಿ ಓಡಾಡಿದವನು ಇದನ್ನು ಒಮ್ಮೆಯೂ ನೋಡಿರಲಿಲ್ಲ. ವೇಟರಿಗೆ ಕಾಣುವುದು ಕೂತವರು ಮಾತ್ರ. ಗಲ್ಲಾವನ್ನು ಬಾಗಿಲ ಪಕ್ಕದಲ್ಲೇ ಏಕೆ ಇಡುತ್ತಾರೆಂದು ಅವನಿಗೆ ಹೊಳೆದದ್ದು ಆಗ.

ಕುರ್ಚಿ ಎಲ್ಲಿ ಖಾಲಿ ಇದೆ ಎಂದು ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ, ಫ್ಯಾನಿನ ಕೆಳಗೆ, ನಾಲ್ಕು ಜನರ ಟೇಬಲ್. ಅಲ್ಲಿ ಒಬ್ಬರೇ ವಕೀಲ ಅನಿಲಕುಮಾರ್, ಒಂದೇ ಕಾಫಿ, ಮೂರು ಕುರ್ಚಿಯ ತುಂಬ ಕೇಸಿನ ಫೈಲು.

ಫೋರ್ಟ್‌ನಲ್ಲಿ ಊಟದ ಹೊತ್ತಿಗೆ ಎಂಥ ಸಾಹೇಬನೂ ಗುರುತಿಲ್ಲದವರ ಜೊತೆ ಟೇಬಲ್ ಹಂಚಿಕೊಳ್ಳಲೇಬೇಕು. ಆ ಮೂಲೆಗೆ ಮಾತ್ರ ಯಾರನ್ನೂ ಕೂರಿಸದಂತೆ ವರ್ಷಗಟ್ಟಲೆ ಕಾದವನು ಸ್ವತಃ ಪ್ರಶಾಂತ. ಅದಕ್ಕೆ ವಕೀಲರು ಅವನಿಗೆ ಬಕ್ಷೀಸು ಕೊಟ್ಟಿದ್ದರು, ದೀಪಾವಳಿಗೆ ಶರ್ಟು ಕೊಟ್ಟಿದ್ದರು, ಮಗಳ ಶಾಲೆಯ ಅಡ್ಮಿಷನ್ನಿಗೆ ಜೊತೆಯಲ್ಲಿ ಬಂದಿದ್ದರು. ಕಂಡಕ್ಟಿಂಗ್ ಸುದ್ದಿ ಕೇಳಿ ಹೆಗಲ ಮೇಲೆ ಕೈ ಹಾಕಿ, "ಅಗ್ರಿಮೆಂಟ್ ನಾನು ಬರ್ದು ಕೊಡ್ತೇನೆ ಪ್ರಶಾಂತ್, ನಿನ್ನ ಹತ್ರ ಫೀಸ್ ತಕ್ಕೊಳ್ಳುದುಂಟಾ!" ಎಂದಿದ್ದರು. ಬಕ್ಷೀಸು ಇವನ ಜೇಬಿಗೆ, ಕುರ್ಚಿಯ ನಷ್ಟ ಚಂಪಕ್ಕನಿಗೆ. ಈ ಲೆಕ್ಕ ವೇಟರಿಗೆ ಬೇಕಿರಲಿಲ್ಲ.

ಅವತ್ತು ಚಂಪಕ್ಕ ಕೇಳಿದಾಗ ಮತ್ತೆ ಸುಳ್ಳೇ ಹೇಳಿದ. ಈ ಸಲ ಗೊತ್ತಿದ್ದೂ ಹೇಳಿದ.

ರಾತ್ರಿಯಿಡೀ ಹೊರಳಾಡಿದ. ಬೆಳಿಗ್ಗೆ ಲೋಕಲ್‌ನ ಬಾಗಿಲಲ್ಲಿ ನಿಂತು ವಕೀಲರಿಗೆ ಹೇಳಬೇಕಾದ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿದ. ಒಂದೂ ಸರಿಬರಲಿಲ್ಲ. ಐತನನ್ನು ಕಳಿಸಿ ಹೇಳಿಸೋಣವೇ ಎಂದೂ ಯೋಚಿಸಿದ. ಥೂ, ಹೇಡಿ ಕೆಲಸ ಎನಿಸಿತು. ಮಧ್ಯಾಹ್ನ ಅವರು ಒಳಗೆ ಕಾಲಿಡುತ್ತಿದ್ದಂತೆ ಗಲ್ಲಾದಿಂದಲೇ ಹೇಳಿಬಿಟ್ಟ.

"ಸರ್, ಊಟದ ಹೊತ್ತಿಗೆ ಮೂಲೆ ಟೇಬಲಿಗೆ ಬೇರೆಯವರನ್ನೂ ಕೂರಿಸ್ಬೇಕಾಗ್ತದೆ. ಮೂರರ ಮೇಲೆ ನೀವು ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ. ಬೇಜಾರು ಮಾಡ್ಬೇಡಿ."

ವಕೀಲರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ" ಎಂದರು, ಅಷ್ಟೇ. ಹೋಗಿ ಅದೇ ಟೇಬಲಿನಲ್ಲಿ ಕೂತು, ಅದೇ ಕುರ್ಚಿಗಳ ಮೇಲೆ ಫೈಲು ಹರಡಿದರು. ಆಮೇಲೆ ಇಡೀ ಹೋಟೆಲಿಗೆ ಕೇಳುವಂತೆ ಕೂಗಿದರು.

"ಪ್ರಶಾಂತ್! ಕಾಫಿ!"

ಎಲ್ಲರೂ ತಿರುಗಿ ಗಲ್ಲಾದ ಕಡೆ ನೋಡಿದರು. ಪ್ರಶಾಂತನ ಕಾಲು ಆಗಲೇ ಅರ್ಧ ಎದ್ದಿತ್ತು. ಎದ್ದು ಹೋಗಿ ಕಾಫಿ ಇಟ್ಟರೆ ಎಲ್ಲವೂ ಮೊದಲಿನಂತೆ. ಬಾಗಿಲಲ್ಲಿ ನಿನ್ನೆಯ ಆ ಮೂವರು ಹುಡುಗಿಯರು ಇಣುಕುತ್ತಿದ್ದರು. ಅವನು ಗಲ್ಲಾದ ಅಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕೂತ.

"ಐತಾ, ಸಾಹೇಬ್ರಿಗೆ ಕಾಫಿ ಕೊಡು. ಈ ಮೂವರನ್ನು ಅಲ್ಲೇ ಕೂರಿಸು."

ಐತ ಬೆದರಿದ ಮುಖದಲ್ಲಿ ಅವನನ್ನು ನೋಡಿದ. ಪ್ರಶಾಂತ ತಲೆಯಾಡಿಸಿದ. ಐತ ಮೂಲೆಗೆ ಹೋಗಿ ಬಗ್ಗಿ ಏನೋ ಹೇಳಿದ, ಇಲ್ಲಿಗೆ ಕೇಳಿಸಲಿಲ್ಲ. ವಕೀಲರು ಫೈಲುಗಳನ್ನು ಒಂದೊಂದಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹುಡುಗಿಯರು ಕೂತರು. ಅಷ್ಟರಲ್ಲಿ ಫೋನ್ ಬಂತು.

"ಇವತ್ತು ಎಷ್ಟು ಜನ?"

"ಆರು ಜನ ವಾಪಸ್ ಹೋದ್ರು ಅಕ್ಕ. ನಿನ್ನೆ ಇದಕ್ಕಿಂತ ತುಂಬಾ ಹೆಚ್ಚು. ನಿನ್ನೆ ನಾನು ಸುಳ್ಳು ಹೇಳಿದ್ದು."

"ಈಗ ನೀನು ಗಲ್ಲಾದಲ್ಲಿ ಕೂತಿದ್ದಿ ಮಾರಾಯ" ಎಂದರು ಚಂಪಕ್ಕ. "ಇನ್ನು ತಿಂಗಳು ಮುಗಿಯುವವರೆಗೆ ಕಾಯುದು ಎಂತಕ್ಕೆ? ಅಗ್ರಿಮೆಂಟ್ ಮಾಡ್ಸು."

ಸಂತೋಷಕ್ಕೆ ಅವನ ಕಣ್ಣು ತುಂಬಿತು. ನಮಿತಾಗೆ ಹೇಳಬೇಕು, ಪೂವಪ್ಪನಿಗೆ ಹೇಳಬೇಕು. ಫೋನ್ ಇಟ್ಟು ತಲೆ ಎತ್ತಿದರೆ ಎದುರಿಗೆ ವಕೀಲರು ಬಿಲ್ ಹಿಡಿದು ನಿಂತಿದ್ದರು. ಆ ಸಂತೋಷದಲ್ಲಿ ಅವರಿಗೂ ಹೇಳಿಬಿಟ್ಟ.

"ಅಕ್ಕ ಒಪ್ಪಿದ್ರು ಸರ್! ಅಗ್ರಿಮೆಂಟ್ ಮಾಡ್ಸು ಅಂದ್ರು."

"ಒಳ್ಳೇದಾಯ್ತು. ನಾಳೆ ನನ್ನ ಆಫೀಸಿಗೆ ಬನ್ನಿ, ಬರ್ದು ಕೊಡ್ತೇನೆ." ವಕೀಲರು ಕಾಫಿಯ ದುಡ್ಡನ್ನು ಎಣಿಸಿ ಗಲ್ಲಾದ ಮೇಲಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಪ್ರಶಾಂತನಿಗೆ ಎಷ್ಟೋ ಹಗುರಾಗುತ್ತಿತ್ತು. "ಆದ್ರೆ ಫೀಸ್ ತಕ್ಕೊಳ್ತೇನೆ, ಮ್ಯಾನೇಜರೇ. ಪುಕ್ಕಟೆ ಬರೀತೇನೆ ಅಂದದ್ದು ನಮ್ಮ ಪ್ರಶಾಂತನಿಗೆ."

"ಕೊಡ್ತೇನೆ ಸರ್" ಎಂದ ಪ್ರಶಾಂತ.

ವಕೀಲರು ಬಾಗಿಲಲ್ಲಿ ನಿಂತು, ಒಳಗೆ ತಿರುಗಿ, "ಐತಾ, ನಾಳೆ ಬರ್ತೇನೆ" ಎಂದು ಹೇಳಿ ಫುಟ್‌ಪಾತಿಗೆ ಇಳಿದರು. ಪ್ರಶಾಂತನಿಗೆ ಓಡಿಹೋಗಿ ಕೈ ಹಿಡಿದು ನಿಲ್ಲಿಸಬೇಕೆನಿಸಿತು. ಗಲ್ಲಾದ ಮುಂದೆ ನಾಲ್ಕು ಜನ ಬಿಲ್ ಹಿಡಿದು ನಿಂತಿದ್ದರು. ಮೊದಲಿನವರ ಕೈಯಿಂದ ಬಿಲ್ ತೆಗೆದುಕೊಂಡ.