ಸೂಜಿಗೆ ದಾರ

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಕಟ್ಟಿದವರು ನನ್ನ ಮಗಳನ್ನು ನೋಡಿಯೇ ಕಟ್ಟಿರಬೇಕು. ಹದಿನಾರು ವರ್ಷದ ಹುಡುಗಿ, ಫೋನಿನಲ್ಲಿ ಅದೇನೋ ಆ್ಯಪ್ ಹಾಕಿಕೊಂಡಿದ್ದಾಳೆ. ಕಣ್ಣು ಕಾಣದವರು ಕರೆ ಮಾಡಿ ಕ್ಯಾಮೆರಾ ಹಿಡಿಯುತ್ತಾರೆ, ಇವಳು ನೋಡಿ ಹೇಳುತ್ತಾಳೆ. ‘ಅದು ಉಪ್ಪಲ್ಲ ಅಮ್ಮ, ಸಕ್ಕರೆ. ಪಕ್ಕದ ಡಬ್ಬಿ ತಗೊಳ್ಳಿ.’ ದನಿಯಲ್ಲಿ ಜೇನು ಸುರಿಯುತ್ತದೆ. ನಾನು ಕರೆದರೆ ಮಾತ್ರ ‘ಏನಮ್ಮಾ!’ ಎಂದು ಸಿಡುಕು.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇತ್ತೀಚೆಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಗಿರಾಕಿಗಳಿಗೆ ಗೊತ್ತಾದರೆ ಕೆಲಸ ಕೈತಪ್ಪುತ್ತದೆಂದು ಯಾರಿಗೂ ಹೇಳಿಲ್ಲ, ಮಗಳಿಗೂ. ಆದರೂ ಹೆತ್ತವಳ ಕಷ್ಟ ತಾನಾಗಿ ತಿಳಿಯಬೇಡವೇ? ಮುಖ ಕಾಣದ ಆ ಅಮ್ಮಂದಿರನ್ನು ನೆನೆದರೆ ಹೊಟ್ಟೆ ಉರಿಯುತ್ತಿತ್ತು.

ನಿನ್ನೆ ಮಧ್ಯಾಹ್ನ ಗಿರಾಕಿಯೊಬ್ಬರ ಕೋಟಿಗೆ ಗುಂಡಿ ಹಚ್ಚಬೇಕಿತ್ತು. ಎಷ್ಟು ಸಲ ಎಂಜಲು ಹಚ್ಚಿ ಹೊಸೆದರೂ ದಾರ ತೂತಿನ ಪಕ್ಕಕ್ಕೇ ಹೋಗುತ್ತಿತ್ತು. ರೋಷ ಬಂತು. ಅವಳಿಲ್ಲದಿದ್ದರೆ ಇನ್ನೊಬ್ಬರು ಎಂದುಕೊಂಡು ಅದೇ ಆ್ಯಪನ್ನು ನನ್ನ ಫೋನಿಗೂ ಹಾಕಿ ಕರೆ ಮಾಡಿದೆ.

ಯಾರೋ ಹುಡುಗ ಎತ್ತಿದ. ‘ಹೇಳಿ ಅಮ್ಮ. ಸೂಜಿನಾ? ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ... ಅವಸರ ಬೇಡ.’

ಇಂಥ ಮಗನನ್ನು ಹೆತ್ತವಳ ಪುಣ್ಯವೇ ಪುಣ್ಯ ಎಂದು ಕರುಬುತ್ತಿದ್ದೆ. ಅಷ್ಟರಲ್ಲಿ ಅವನ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು: ‘ಬೆಳಗಿಂದ ಸೊಂಟ ಹಿಡ್ಕೊಂಡು ಬಿದ್ದಿದೀನಿ, ಒಂದು ಲೋಟ ನೀರು ಕೊಡೋಕೆ ನಿನಗೆ ಪುರುಸೊತ್ತಿಲ್ಲ. ಊರವರೆಲ್ಲ ನಿನಗೆ ಅಮ್ಮಂದಿರು!’

‘ಬಂದೆ ಇರಮ್ಮಾ!’ ಹುಡುಗ ಸಿಡುಕಿದ. ಥೇಟ್ ನನ್ನ ಮಗಳದೇ ಸಿಡುಕು.

‘ಹೋಗಪ್ಪ, ಮೊದಲು ನಿಮ್ಮಮ್ಮಂಗೆ ನೀರು ಕೊಡು,’ ಎಂದು ಫೋನಿಟ್ಟೆ.

ಸೂಜಿ ದಾರ ಹಿಡಿದು ಒಳಕೋಣೆಯಲ್ಲಿದ್ದ ಮಗಳ ಮುಂದೆ ಹೋಗಿ ನಿಂತೆ. ‘ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣೆ. ಇದನ್ನ ಪೋಣಿಸಿಕೊಡ್ತೀಯಾ?’

ಅವಳು ಬೆಚ್ಚಿ ನೋಡಿದಳು. ‘ಯಾವಾಗಿಂದ? ಯಾಕಮ್ಮ ಹೇಳ್ಲಿಲ್ಲ? ಫೋನ್ ಮಾಡೋರು ಬಾಯಿಬಿಟ್ಟು ಕೇಳ್ತಾರೆ. ನೀನು ಕೇಳೋದೇ ಇಲ್ಲ.’

ಆಗಲೇ ಅವಳ ಫೋನು ಹೊಡೆದುಕೊಂಡಿತು. ಅತ್ತ ಹೋದ ಕೈ ಅರ್ಧದಲ್ಲೇ ನಿಂತಿತು. ‘ಬೇರೆ ಯಾರಾದ್ರೂ ಎತ್ತುತ್ತಾರೆ ಬಿಡು,’ ಎಂದು ನನ್ನ ಕೈಯಿಂದ ದಾರ ತೆಗೆದುಕೊಂಡಳು.

ಹೊಟ್ಟೆ ತಣ್ಣಗಾಯಿತು. ಆದರೂ ಆ ಹಾಳು ಫೋನು ಮತ್ತೆ ಹೊಡೆದುಕೊಳ್ಳಬಹುದಲ್ಲ? ಮುಂದಿನ ಕೋಣೆಗೆ ಹೋಗಿ ಸೂಜಿ ಡಬ್ಬಿ ತಂದೆ. ಇದ್ದ ಸೂಜಿಗಳನ್ನೆಲ್ಲ ಅವಳ ಮುಂದೆ ಸುರಿದು, ‘ಇವಕ್ಕೂ ಹಾಕಿಡು,’ ಎಂದೆ.